ಎರಡು ಬೆರಳಿನ ಜಾಗ

ನನ್ನ ಅಂಗಡಿಗೂ ಟೈಲರಮ್ಮನ ಅಂಗಡಿಗೂ ನಡುವೆ ಇರುವುದು ಒಂದೇ ಒಂದು ಪ್ಲೈವುಡ್ ಹಲಗೆ. ಈ ಕಡೆ ನಾನು ಬೀಗ ಬಿಚ್ಚುತ್ತ, ಕೀಲಿಕೈ ಉಜ್ಜುತ್ತ ಕೂರುತ್ತೇನೆ. ಆ ಕಡೆ ಅವಳು ಹೊಲಿಯುತ್ತಾಳೆ. ಹತ್ತೊಂಬತ್ತು ವರ್ಷದಿಂದ ಅವಳ ಮಿಷನ್ನಿನ ಸದ್ದು ಕೇಳಿ ಕೇಳಿ, ಅದು ನಿಂತುಬಿಟ್ಟರೆ ನನಗೆ ಕೆಲಸವೇ ಓಡುವುದಿಲ್ಲ. ಮಾತುಕತೆ, ಜಗಳ, ಬ್ಲೇಡು ಕೊಡುವುದು, ಟೀ ಲೋಟ ದಾಟಿಸುವುದು, ಎಲ್ಲವೂ ಆ ಹಲಗೆಯ ಮೇಲಿನ ಸಂದಿನಿಂದಲೇ.

ಬಾಗಿಲಿಗೆ ಕಾಲಿಟ್ಟವರನ್ನು ಅವಳು ಮೊದಲು ಕಣ್ಣಲ್ಲೇ ಅಳೆಯುತ್ತಾಳೆ. "ಸಾರ್, ಹೋದ ಸಲಕ್ಕಿಂತ ಒಂದೂವರೆ ಇಂಚು ಜಾಸ್ತಿ ಆಗಿದೀರ. ಮನೇಲಿ ಚೆನ್ನಾಗಿ ನೋಡ್ಕೋತಿದಾರೆ ಅನ್ಸುತ್ತೆ" ಎಂದು ಮುಖದ ಮೇಲೇ ಹೇಳಿಬಿಡುತ್ತಾಳೆ. ಅಂಗಡಿಯೊಳಗೆ ಅಷ್ಟು ಬಾಯಿ. ಅದೇ ಹೆಂಗಸನ್ನು ಒಂದು ಕಚೇರಿಯ ಕೌಂಟರಿನ ಮುಂದೆ ನಿಲ್ಲಿಸಿ ನೋಡಿ! ಅರ್ಜಿ, ಸಹಿ, ಮೊಹರು ಅಂದರೆ ಸಾಕು, ನಾಲಿಗೆ ಒಣಗಿಹೋಗುತ್ತಿತ್ತು. ಇದನ್ನು ಒತ್ತಿ ಹೇಳುತ್ತಿದ್ದೇನೆ. ಇಂಥವಳು ಮುಂದೆ ಏನು ಮಾಡಿದಳು ಎಂದು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅವಳ ಅಕ್ಕನೂ ಅಲ್ಲೇ ಕೂರುತ್ತಿದ್ದರು. ಬೀದಿಗೆಲ್ಲ ಅವರು ದೊಡ್ಡಕ್ಕ. ಚಿಕ್ಕಂದಿನಲ್ಲಿ ಬಂದ ಕಾಯಿಲೆಗೆ ಕಾಲು ಹೋಗಿ, ಅಂದಿನಿಂದ ಗಾಲಿಕುರ್ಚಿ. ಗುಂಡಿ ಹಾಕುವುದು, ಕಾಜಾ ಹೊಲಿಯುವುದು ಅವರ ಪಾಲಿನ ಕೆಲಸ. ಚಕ್ರ ನೂಕಿ ನೂಕಿ ಅವರ ತೋಳು ಎಷ್ಟು ಗಟ್ಟಿಯೆಂದರೆ, ನನ್ನ ಕೈಗೆ ಬಗ್ಗದ ಡಬ್ಬಿಯ ಮುಚ್ಚಳಗಳನ್ನು ಹಲಗೆಯ ಮೇಲಿಂದ ಅವರಿಗೇ ಕೊಡುತ್ತೇನೆ. ಒಂದೇ ತಿರುವಿಗೆ ತೆಗೆದು, "ಬೀಗದಣ್ಣ, ಇಷ್ಟೂ ಆಗಲ್ವಾ?" ಎಂದು ವಾಪಸು ಕೊಡುತ್ತಾರೆ. ಬೀಗದಣ್ಣ ಅಂದರೆ ನಾನೇ.

ಆ ದೊಡ್ಡಕ್ಕನಿಗೆ ನಲವತ್ತನಾಲ್ಕನೇ ವಯಸ್ಸಿನಲ್ಲಿ ಕೆಲಸ ಸಿಕ್ಕಿತು! ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ. ಎರಡು ಸಲ ಪರೀಕ್ಷೆ ಬರೆದು, ಮೂರನೆಯ ಸಲಕ್ಕೆ ಪಾಸಾಗಿ, ಕಾಗದ ಬಂದ ದಿನ ಅಕ್ಕತಂಗಿಯರಿಬ್ಬರೂ ಅಂಗಡಿ ಬಾಗಿಲು ಎಳೆದುಕೊಂಡು ಒಳಗೇ ಕೂತು ಅತ್ತರು. ಈ ಕಡೆ ನನಗೆ ಎಲ್ಲ ಕೇಳಿಸುತ್ತಿತ್ತು, ನಾನೂ ಸ್ವಲ್ಪ ಅತ್ತೆ ಅನ್ನಿ. ಮುಂದಿನ ತಿಂಗಳ ಒಂದನೇ ತಾರೀಖು ಬೆಳಿಗ್ಗೆ ಎಂಟಕ್ಕೆ ಹಾಜರಾಗಬೇಕು, ತಪ್ಪಿದರೆ ಪಟ್ಟಿಯಲ್ಲಿ ಮುಂದಿರುವವರಿಗೆ ಹೋಗುತ್ತದೆ ಎಂದು ಕಾಗದದ ಕೊನೆಯ ಸಾಲಿನಲ್ಲಿ ಬರೆದಿತ್ತು.

ಬಸ್ ನಿಲ್ದಾಣ ರೈಲು ಹಳಿಯ ಆಚೆ. ಹಳಿ ದಾಟಲು ಮೂರೇ ದಾರಿ. ಒಂದು ಅರವತ್ತೆರಡು ಮೆಟ್ಟಿಲಿನ ಸೇತುವೆ, ಅದು ಆಗದ ಮಾತು. ಇನ್ನೊಂದು ಲಾರಿಗಳು ಮೈಮೇಲೆ ಬರುವ ದೊಡ್ಡ ರಸ್ತೆ, ಮೂರು ಮೈಲಿ ಸುತ್ತು. ಮೂರನೆಯದು ಹಳಿಯ ಕೆಳಗಿನ ಅಂಡರ್‌ಪಾಸ್, ಬರೀ ನಡೆದು ಹೋಗುವವರಿಗೆ. ದೊಡ್ಡಕ್ಕ ವರ್ಷಗಟ್ಟಲೆ ಅದರಲ್ಲೇ ತಾವೇ ಚಕ್ರ ನೂಕಿಕೊಂಡು ಓಡಾಡಿದವರು. ಕೆಲಸದ ಕಾಗದ ಬಂದು ಐದು ದಿನಕ್ಕೆ, ಹನ್ನೆರಡನೇ ತಾರೀಖು, ಅದರ ಎರಡೂ ಬಾಯಿಗೆ ನಗರಸಭೆಯವರು ಉಕ್ಕಿನ ಕಂಬ ನೆಟ್ಟರು. ಬೈಕು ನುಗ್ಗದಿರಲಿ ಎಂದು. ದೊಡ್ಡಕ್ಕ ಹೋಗಿ ನುಗ್ಗಿ ನೋಡಿದರು. ಚಕ್ರದ ಮೇಲಿದ್ದ ಎರಡೂ ಕೈ ಕಂಬಕ್ಕೆ ಸಿಕ್ಕಿ, ಗೆಣ್ಣುಗಳ ಚರ್ಮ ಸುಲಿದು, ಹಿಂದಕ್ಕೆ ಬಂದರು.

ಟೈಲರಮ್ಮ ನಾಲಿಗೆ ಒಣಗಿಸಿಕೊಂಡೇ ನಗರಸಭೆಗೆ ಮೂರು ಸಲ ಹೋಗಿಬಂದಳು. ಮೊದಲ ದಿನ ಸಾಹೇಬರು ಇರಲಿಲ್ಲ. ಎರಡನೇ ದಿನ ಇದ್ದರು, ಆದರೆ ಅದು ಅವರ ವಿಭಾಗವಲ್ಲ. ಮೂರನೇ ದಿನ ಸರಿಯಾದ ವಿಭಾಗದವರು, "ಬರೆದು ಕೊಟ್ಟು ಹೋಗಿ, ಮೂರು ತಿಂಗಳಲ್ಲಿ ನೋಡೋಣ" ಅಂದರು. ಮರಳಿ ಬಂದವಳು ಮಿಷನ್ನಿನ ಮುಂದೆ ಸುಮ್ಮನೆ ಕೂತಳು. ಸದ್ದೇ ಇಲ್ಲ. ನನ್ನ ಕೈಯಲ್ಲಿ ಕೀಲಿಕೈ ಎರಡು ಹಾಳಾದವು.

ಕೋಟು ಚಿಕ್ಕದು ಮಾಡಿಸಲು ಬಂದಿದ್ದ ಮೇಷ್ಟ್ರೊಬ್ಬರು, "ವಾರ್ಡಿನ ಗ್ರೂಪಿದೆಯಲ್ಲಮ್ಮ, ಅದರಲ್ಲಿ ಹಾಕಿ" ಅಂದರು.

ನಾನು ಈ ಕಡೆಯಿಂದಲೇ ನಕ್ಕೆ. ಆ ಗ್ರೂಪು ನನಗೆ ಗೊತ್ತಿಲ್ಲವೇ? ಬೆಳಗಾದರೆ ಶುಭೋದಯದ ಹೂವು, ಮಧ್ಯಾಹ್ನ ಕಳೆದುಹೋದ ಬೆಕ್ಕು, ಸಂಜೆ ಮೆಂಬರ್ರು ಎಲ್ಲೋ ರಿಬ್ಬನ್ ಕತ್ತರಿಸುವ ಫೋಟೊ. "ಅಲ್ಲಿ ಹಾಕಿದ್ರೆ ನಾಲ್ಕು ಜನ ಕೈ ಮುಗಿಯೋ ಚಿತ್ರ ಕಳಿಸ್ತಾರೆ, ಅಷ್ಟೇ. ಬೆರಳು ಸವೆಯುತ್ತೆ, ಕಂಬ ಸವೆಯಲ್ಲ" ಎಂದು ಹಲಗೆಯ ಮೇಲಿಂದ ಉಪದೇಶ ಮಾಡಿದೆ.

"ಅಣ್ಣ, ಸುಮ್ನೆ ಕೂತ್ಕೊಳಿ ಸ್ವಲ್ಪ" ಅಂದಳು. ಟೇಪು ಕೊರಳಲ್ಲಿತ್ತು. ಎದ್ದು ದೊಡ್ಡಕ್ಕನ ಕುರ್ಚಿಯ ಅಗಲ ಅಳೆದಳು, ಹೋಗಿ ಕಂಬದ ಸಂದು ಅಳೆದಳು, ಅಲ್ಲೇ ಸಂದಿಗೆ ಟೇಪು ಹಿಡಿದ ಫೋಟೊ ತೆಗೆದಳು. ಕೆಳಗೆ ಮೂರೇ ಸಾಲು ಬರೆದಳು: 'ಕಂಬದ ಸಂದು 26 ಇಂಚು. ನಮ್ಮಕ್ಕನ ಕುರ್ಚಿ 27½. ಒಂದನೇ ತಾರೀಖು ಅವಳು ಕೆಲಸಕ್ಕೆ ಹೋಗಬೇಕು, ಹೇಗೆ ಹೋಗಲಿ?'

ಏನು ಹೇಳಲಿ! ಮೊದಲ ಗಂಟೆಯಲ್ಲಿ ಹನ್ನೆರಡು ಜನ. ಊಟದ ಹೊತ್ತಿಗೆ ಮುನ್ನೂರು. ಯಾರೋ ಅದನ್ನು ಎತ್ತಿ ಊರಿನ ದೊಡ್ಡ ಪೇಜಿಗೆ ಹಾಕಿದರು. ಸಂಜೆ ಅವಳ ಫೋನು ಗುಂಡಿಯ ಡಬ್ಬಿಯಲ್ಲಿ ಬಿದ್ದು ಗುಂಡಿಗಳ ಸಮೇತ ಗಡಗಡ ನಡುಗುತ್ತಿತ್ತು. ಕಂಡು ಕೇಳರಿಯದ ಜನ! ಆಸ್ಪತ್ರೆಯ ದಾದಿ, ಅವಳಿಮಕ್ಕಳ ಗಾಡಿ ತಳ್ಳುವ ತಾಯಿ, ಪಾರ್ಸೆಲ್ ಗಾಡಿಯವರು, ತಮ್ಮ ತಮ್ಮ ಬೀದಿಯ ಕಂಬಕ್ಕೆ ಟೇಪು ಹಿಡಿದು ಫೋಟೊ ಹಾಕತೊಡಗಿದರು. ಟೇಪು ಇಲ್ಲದವರು ಮಕ್ಕಳ ಸ್ಕೇಲು ಹಿಡಿದರು. ನನ್ನ ಅಂಗಡಿಗೆ ಬೀಗ ತಂದವನೊಬ್ಬ ಬೀಗ ಮರೆತು, "ಇದೇ ಏನ್ರೀ ಆ ಟೈಲರಮ್ಮನ ಅಂಗಡಿ?" ಎಂದು ಆ ಕಡೆ ಹೋಗಿಬಿಟ್ಟ.

ಒಪ್ಪಿಕೊಳ್ಳುತ್ತೇನೆ, ನನ್ನ ಹೃದಯ ಕುಣಿಯುತ್ತಿತ್ತು. ನಲವತ್ತು ವರ್ಷದಿಂದ ಓಟು ಹಾಕುತ್ತಿದ್ದೇನೆ. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಮನೆಗೆ ಬಂದರೆ ಐದು ವರ್ಷ ನನ್ನ ಮಾತು ಯಾರೂ ಕೇಳುವುದಿಲ್ಲ, ಅದೇ ರೂಢಿ ಅಂದುಕೊಂಡಿದ್ದವನು. ಇಲ್ಲಿ ನೋಡಿದರೆ ಒಂದು ಟೇಪಿಗೆ ಇಡೀ ಊರು ಎದ್ದು ಕೂತಿದೆ! ಜೀವಮಾನದಲ್ಲಿ ಮೊದಲ ಸಲ ನಾನೂ ಕಾಮೆಂಟು ಬರೆದೆ. 'ಸರಿಯಾಗಿ ಹೇಳಿದೆ ತಂಗಿ' ಎಂಬ ಮೂರು ಪದಕ್ಕೆ ಹತ್ತು ನಿಮಿಷ ಹಿಡಿಯಿತು.

ಇಪ್ಪತ್ತನೇ ತಾರೀಖು ಮೆಂಬರ್ರು ಬಂದರು. ನಮ್ಮ ವಾರ್ಡಿನಿಂದ ನಗರಸಭೆಗೆ ಗೆದ್ದವರು. ಕೆಟ್ಟ ಮನುಷ್ಯನಲ್ಲ, ಆದರೆ ಗಾಳಿ ಯಾವ ಕಡೆ ಬೀಸುತ್ತದೆ ಎಂದು ಎಲ್ಲರಿಗಿಂತ ಮೊದಲು ಮೂಗಿಗೆ ಗೊತ್ತಾಗುವ ಜಾತಿ. ಜತೆಗೆ ಎಂಜಿನಿಯರ್, ಉಕ್ಕಿನ ಟೇಪು, ಅವರದೇ ಪೇಜಿಗೆ ಲೈವ್ ತೋರಿಸಲು ಒಬ್ಬ ಕ್ಯಾಮೆರಾದವನು.

"ಕುರ್ಚಿ ಸ್ವಲ್ಪ ಕೊಡಿ ದೊಡ್ಡಕ್ಕ, ಅಳೆದು ಕೊಡ್ತೀವಿ" ಅಂದರು. ದೊಡ್ಡಕ್ಕನನ್ನು ಎತ್ತಿ ಸ್ಟೂಲಿನ ಮೇಲೆ ಕೂರಿಸಿ, ಖಾಲಿ ಕುರ್ಚಿಯನ್ನು ಅಂಡರ್‌ಪಾಸಿಗೆ ಒಯ್ದರು. ನಾವೆಲ್ಲ ಹಿಂದೆ ಓಡಿದೆವು. ಎಂಜಿನಿಯರ್ ಕಂಬದ ಸಂದು ಅಳೆದು "ಇಪ್ಪತ್ತಾರು" ಅಂದ. ಕುರ್ಚಿ ಅಳೆದು "ಇಪ್ಪತ್ತೈದೂವರೆ" ಅಂದ. ಇನ್ನೊಮ್ಮೆ ಅಳೆದ. ಇಪ್ಪತ್ತೈದೂವರೆಯೇ! ಒಬ್ಬ ಹಿಂದಿನಿಂದ ತಳ್ಳಿದ, ಖಾಲಿ ಕುರ್ಚಿ ಕರ್ ಎಂದು ಉಜ್ಜಿಕೊಂಡು ಕಂಬದ ಮಧ್ಯೆ ದಾಟಿಯೇ ಹೋಯಿತು.

ಮೆಂಬರ್ರು ಕ್ಯಾಮೆರಾಗೆ ಮುಖ ತಿರುಗಿಸಿ, "ನೋಡಿದ್ರಲ್ಲ. ಇಪ್ಪತ್ತೇಳೂವರೆ ಅಂತ ಬರೆದಿದ್ರು. ಸುಳ್ಳು ಹೇಳಿ ಊರು ಕೆಡಿಸೋರ ಬಗ್ಗೆ ಹುಷಾರಾಗಿರಿ. ಯಾರಾದ್ರೂ ಹಿಂದಿನಿಂದ ಒಂಚೂರು ತಳ್ಳಿದ್ರೆ ಆಯ್ತು, ಅಷ್ಟೇ ತಾನೆ?" ಅಂದರು.

ಮಧ್ಯಾಹ್ನದ ಹೊತ್ತಿಗೆ ನಿನ್ನೆ ಹೊಗಳಿದ ಬಾಯಿಗಳೇ ಉಗಿಯುತ್ತಿದ್ದವು. ಸುಳ್ಳಿ, ನಾಟಕದವಳು, ಯಾವ ಪಾರ್ಟಿಯವರು ಎಷ್ಟು ಕೊಟ್ಟರು, ಟೈಲರಿಗೆ ಅಳತೆ ಬರಲ್ವಾ? ಅದರಲ್ಲೂ ಕೆಟ್ಟದ್ದೇನೆಂದರೆ, ನನಗೇ ಅನುಮಾನ ಬಂದಿತ್ತು. "ಅದನ್ನ ಅಳಿಸಿ ಹಾಕಿಬಿಡಮ್ಮ" ಅಂದೆ. "ಎರಡಿಂಚು ಹೇಗೆ ತಪ್ಪಿತು ನಿನಗೆ? ನೀನೇ ಹೇಳು."

ಅವಳು ಟೇಪು ತೆಗೆದು ಕುರ್ಚಿಗೆ ಮತ್ತೆ ಹಿಡಿದಳು. ಇಪ್ಪತ್ತೈದೂವರೆಯೇ ಬಂತು. ಟೇಪಿನ ಮೇಲಿದ್ದ ತನ್ನ ಎರಡು ಬೆರಳು ನೋಡಿಕೊಂಡಳು. ಆಮೇಲೆ ಹಣೆ ಚಚ್ಚಿಕೊಂಡು, "ಅಯ್ಯೋ ನನ್ನ ಕೈಗಿಷ್ಟು!" ಅಂದಳು. "ಅಣ್ಣ, ನಾನು ಲೂಸ್ ಸೇರಿಸಿ ಬರೆದುಬಿಟ್ಟಿದೀನಿ!"

ನನಗೆ ತಲೆಬುಡ ತಿಳಿಯಲಿಲ್ಲ. ಅವಳು ಬಿಡಿಸಿ ಹೇಳಿದಳು. ಟೈಲರು ಮೈಯ ಅಳತೆ ತೆಗೆಯುವಾಗ ಟೇಪಿನ ಒಳಗೆ ಎರಡು ಬೆರಳು ಇಟ್ಟುಕೊಂಡೇ ಅಳೆಯುತ್ತಾರೆ. ಪುಸ್ತಕದಲ್ಲಿ ಬರೆಯುವುದು ಮೈ ಎಷ್ಟಿದೆ ಎಂದಲ್ಲ, ಬಟ್ಟೆ ಎಷ್ಟಿರಬೇಕು ಎಂದು. ಇಪ್ಪತ್ತೈದೂವರೆ ಕಂಡ ಕಣ್ಣು ಕೈಗೆ ಹೇಳುವ ಮೊದಲೇ ಕೈ ಎರಡಿಂಚು ಸೇರಿಸಿ ಬರೆದಿತ್ತು. ಮೂವತ್ತು ವರ್ಷದ ಅಭ್ಯಾಸ! ಕಂಬದ ಸಂದಿಗೆ ಸೇರಿಸಿರಲಿಲ್ಲ, ಕಂಬ ಅಂಗಿ ತೊಡುವುದಿಲ್ಲವಲ್ಲ.

"ಹಾಗಾದ್ರೆ ತಪ್ಪು ನಿನ್ನದೇ" ಅಂದೆ.

"ನನ್ನದೇ" ಅಂದಳು. "ಹೇಳಬೇಕು. ಎಲ್ಲರ ಮುಂದೆ ಹೇಳಬೇಕು."

ಮರುದಿನ ಹತ್ತು ಗಂಟೆಗೆ ಫೋನನ್ನು ನೂಲಿನ ಉಂಡೆಗಳಿಗೆ ಒರಗಿಸಿ, ಬಟ್ಟೆ ಕತ್ತರಿಸುವ ಮೇಜಿನ ಮುಂದೆ ನಿಂತು ಲೈವ್ ಹಾಕಿದಳು. ಬೈಯಲೆಂದೇ ಕಾದಿದ್ದ ಜನ, ನಿಮಿಷದಲ್ಲಿ ಎರಡು ಸಾವಿರ ದಾಟಿದರು. ಕಚೇರಿಯ ಕೌಂಟರಿನ ಮುಂದೆ ಮಾತು ಹೊರಡದ ಆ ಹೆಂಗಸು ಗಂಟಲು ಸರಿಮಾಡಿಕೊಂಡು, "ನಾನು ಬರೆದ ಅಳತೆ ತಪ್ಪು. ಕುರ್ಚಿ ಇಪ್ಪತ್ತೈದೂವರೆನೇ ಇರೋದು. ಮೆಂಬರ್ರು ಅಳೆದಿದ್ದು ಸರಿ" ಅಂದಳು. ಇಷ್ಟು ಸಲೀಸಾಗಿ ತಪ್ಪೊಪ್ಪಿಕೊಂಡವರನ್ನು ಆ ಜನ ನೋಡಿರಲಿಲ್ಲವೋ ಏನೋ, ಕಾಮೆಂಟು ಒಂದು ಕ್ಷಣ ನಿಂತೇಹೋಯಿತು.

"ಯಾಕೆ ತಪ್ಪಿತು ಅಂತ ತೋರಿಸ್ತೀನಿ. ಬೀಗದಣ್ಣ, ಬನ್ನಿ ಈ ಕಡೆ."

ನನ್ನನ್ನು ಕೇಳದೆ ಕರೆದಳು! ಹೋಗದಿದ್ದರೆ ಮರ್ಯಾದೆ ಹೋಗುತ್ತದೆ ಎಂದು ಹೋದೆ. ಅಂಗಿಯ ಅಚ್ಚು ತೆಗೆಯುವ ಕಂದು ಕಾಗದವನ್ನು ನನ್ನ ಎದೆಗೆ, ತೋಳಿಗೆ ಬಿಗಿಯಾಗಿ ಸುತ್ತಿ, ಒಂದು ಕೂದಲೆಳೆಯೂ ಹೆಚ್ಚಿಲ್ಲದಂತೆ ಗುಂಡುಸೂಜಿ ಚುಚ್ಚಿದಳು. "ನೋಡಿ, ಅಣ್ಣನ ಎದೆ ಮೂವತ್ತೊಂಬತ್ತು. ಕಾಗದ ಮೂವತ್ತೊಂಬತ್ತು. ಅಳತೆ ಸರಿಯಿದೆ ತಾನೆ? ಈಗ ಕೈ ಎತ್ತಿ ಅಣ್ಣ."

ಎತ್ತಿದೆ. ಕಂಕುಳಿಂದ ಬೆನ್ನಿನ ತನಕ ಪರ್ರ್ ಎಂದು ಹರಿಯಿತು.

"ಅಳತೆ ಸರಿ ಇತ್ತಲ್ಲ ಅಣ್ಣ, ಯಾಕೆ ಹರೀತು?"

"ಮನುಷ್ಯ ಅಂದ್ಮೇಲೆ ಉಸಿರಾಡ್ಬೇಕಲ್ಲಮ್ಮ!" ಎಂದು ನಾನು ಸಿಟ್ಟಿನಲ್ಲೇ ಕೂಗಿದೆ. ನನ್ನ ಹಣೆಬರಹ, ಆ ಒಂದು ಕೂಗನ್ನು ಇಡೀ ಊರು ಆಮೇಲೆ ಎಷ್ಟು ಸಲ ಹಾಕಿ ಹಾಕಿ ನೋಡಿತೋ.

ಅಷ್ಟರಲ್ಲಿ ದೊಡ್ಡಕ್ಕ ಕುರ್ಚಿಯನ್ನು ಕ್ಯಾಮೆರಾದ ಮುಂದಕ್ಕೆ ತಂದು, ಎರಡೂ ಚಕ್ರದ ಮೇಲೆ ಕೈ ಇಟ್ಟರು. ಗೆಣ್ಣಿನ ಮೇಲೆ ಗಾಯ ಒಣಗಿರಲಿಲ್ಲ. ನಾನು ನನ್ನ ಉಕ್ಕಿನ ಟೇಪಿನಲ್ಲಿ ಈ ಗೆಣ್ಣಿಂದ ಆ ಗೆಣ್ಣಿಗೆ ಅಳೆದೆ. ಇಪ್ಪತ್ತೊಂಬತ್ತು! ಟೈಲರಮ್ಮ ಬರೆದದ್ದಕ್ಕಿಂತಲೂ ಒಂದೂವರೆ ಇಂಚು ಹೆಚ್ಚು.

"ಖಾಲಿ ಕುರ್ಚಿ ದಾಟಿತು, ಹೌದು" ಅಂದರು ದೊಡ್ಡಕ್ಕ. "ಕೆಲಸ ಸಿಕ್ಕಿರೋದು ಕುರ್ಚಿಗಲ್ಲ, ನನಗೆ. ದಿನಾ ಎರಡು ಸಲ ಯಾರನ್ನ ಕರೀಲಿ ತಳ್ಳೋದಕ್ಕೆ? ನನ್ನ ಕೈ ಇಲ್ವಾ?"

ಅಷ್ಟೇ. ಮತ್ತೆ ಗಾಳಿ ತಿರುಗಿತು. 'ಎರಡು ಬೆರಳು ಜಾಗ ಬಿಡಿ' ಎಂದು ಯಾರೋ ಬರೆದರು, ಮಧ್ಯಾಹ್ನಕ್ಕೆ ಅದೇ ಊರಿನ ಮಂತ್ರವಾಯಿತು. ನಾನು ನನ್ನ ಅಂಗಡಿಗೂ ಅವಳ ಅಂಗಡಿಗೂ ಮಧ್ಯೆ ಎಷ್ಟು ಸಲ ಓಡಿದೆನೋ, ಆ ದಿನ ಒಂದು ಕೀಲಿಕೈಯೂ ಆಗಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಸುಲಭವಿತ್ತು. ಸಂಜೆ ಒಬ್ಬ ತಾಯಿಯಿಂದ ಒಂದು ಕಾಮೆಂಟು ಬಂತು. 'ಹೋದ ವರ್ಷ ಆ ಅಂಡರ್‌ಪಾಸಲ್ಲಿ ಬೈಕು ಗುದ್ದಿ ನನ್ನ ಮಗಳ ಕಾಲು ಮುರೀತು. ಏಳು ವರ್ಷದ ಮಗು. ಆ ಕಂಬಕ್ಕೆ ನಾನು ಹತ್ತು ತಿಂಗಳು ಅಲೆದಿದೀನಿ. ಕಂಬ ಕಿತ್ತು ಇನ್ನೊಂದು ಮಗುವಿಗೆ ಏನಾದ್ರೂ ಆದ್ರೆ ನಿಮ್ಮ ಅಂಗಡಿ ಮುಂದೆ ಬಂದು ಕೂರ್ತೀನಿ.'

ಟೈಲರಮ್ಮ ಅದನ್ನು ಓದಿ ಫೋನು ಕವುಚಿ ಇಟ್ಟಳು. "ಇವಳ ಸಂಕಟ ನಿಜದ್ದು ಅಣ್ಣ" ಅಂದಳು. ಬೇರೆಯವರು ಆಗಲೇ ಆ ತಾಯಿಯನ್ನು ಬೈಯಲು ಶುರುಮಾಡಿದ್ದರು. ನಮ್ಮ ಪರ ಬೈಯುತ್ತಿದ್ದಾರೆ ಎಂದು ನನಗೆ ಒಳಗೊಳಗೇ ಖುಷಿ ಇತ್ತು, ಸುಳ್ಳೇಕೆ ಹೇಳಲಿ. ದೊಡ್ಡಕ್ಕ ಮಾತ್ರ ತಂಗಿಯ ಫೋನು ಎತ್ತಿಕೊಂಡು ಬರೆದರು: 'ಅವರಿಗೆ ಯಾರೂ ಒಂದು ಮಾತೂ ಅನ್ನಬೇಡಿ. ಅಮ್ಮ, ನಾಳೆ ಅಂಗಡಿಗೆ ಬನ್ನಿ. ಮಾತಾಡೋಣ.'

ಬಂದಳು. ಕೋಪದಲ್ಲೇ ಬಂದಳು. ಬಾಗಿಲಲ್ಲೇ ನಿಂತು, "ನಿಮಗೆ ನಿಮ್ಮ ಕೆಲಸ ಮುಖ್ಯ, ನನಗೆ ನನ್ನ ಮಗು ಮುಖ್ಯ, ಮಾತಾಡೋದೇನಿದೆ?" ಎಂದು ಶುರುಮಾಡಿದಳು. ಒಳಗೆ ಮೂಲೆಯಲ್ಲಿ ಗುಂಡಿ ಹಾಕುತ್ತಿದ್ದ ದೊಡ್ಡಕ್ಕ ಅವಳ ಕಡೆ ತಿರುಗಿದರು. ಆ ಅಂಗಡಿಯಲ್ಲಿ ಮೇಜು, ಎರಡು ಮಿಷನ್ನು, ಬಟ್ಟೆಯ ರಾಶಿ ಕಳೆದರೆ ಉಳಿಯುವುದು ಒಂದು ಚಾಪೆಯಷ್ಟು ಜಾಗ. ಒಂದು ಚಕ್ರ ಮುಂದಕ್ಕೆ, ಒಂದು ಚಕ್ರ ಹಿಂದಕ್ಕೆ, ನಿಂತಲ್ಲೇ ಸರ್ರನೆ ತಿರುಗಿದರು. ಆ ತಾಯಿ ಬಾಯಿ ತೆರೆದವಳು ಹಾಗೇ ನಿಂತಳು.

"ಇನ್ನೊಂದ್ಸಲ ತಿರುಗಿ" ಅಂದಳು.

"ಏನು?"

"ಇನ್ನೊಂದ್ಸಲ ತಿರುಗಿ ಅಕ್ಕ." ದೊಡ್ಡಕ್ಕ ತಿರುಗಿದರು. ಅವಳು ಕೈಯಲ್ಲಿದ್ದ ಚೀಲ ನೆಲಕ್ಕಿಟ್ಟು, "ಬೈಕು ಹೀಗೆ ತಿರುಗಲ್ಲ!" ಅಂದಳು. "ಬೈಕು ಉದ್ದ. ಅದಕ್ಕೆ ನಿಂತಲ್ಲಿ ತಿರುಗೋಕಾಗಲ್ಲ!"

ಮೂರು ಹೆಂಗಸರು ಮುಖ ಮುಖ ನೋಡಿಕೊಂಡರು. ನಾನು ಹಲಗೆಯ ಮೇಲೆ ಕತ್ತು ಚಾಚಿದೆ. ಟೈಲರಮ್ಮ ಕಂದು ಕಾಗದ ಹಾಸಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಎಡಗೋಡೆಯಿಂದ ಒಂದು ಅಡ್ಡಕಂಬಿ, ದಾರಿಯ ಅರ್ಧ ದಾಟುವಷ್ಟು. ನಾಲ್ಕಡಿ ಬಿಟ್ಟು ಬಲಗೋಡೆಯಿಂದ ಇನ್ನೊಂದು. ಒಳಗೆ ಬಂದವರು ಆ ನಾಲ್ಕಡಿಯಲ್ಲಿ ಅಡ್ಡ ತಿರುಗಿ, ಮತ್ತೆ ನೆಟ್ಟಗಾಗಿ ಹೋಗಬೇಕು. ನಡೆಯುವವರಿಗೆ ಅದೊಂದು ಲೆಕ್ಕವೇ ಅಲ್ಲ. ಕುರ್ಚಿಗೆ ಕಷ್ಟವಿಲ್ಲ. ಬೈಕಿಗೆ ಅಲ್ಲೇ ನಿಲುಗಡೆ.

"ನಾಲ್ಕಡಿ ಸಾಕಾ?" ಎಂದು ದೊಡ್ಡಕ್ಕ ಕೇಳಿದರು.

"ನಾಲ್ಕಡಿ ಎರಡಿಂಚು" ಅಂದಳು ಟೈಲರಮ್ಮ. ಈ ಸಲ ಗೊತ್ತಿದ್ದೇ ಸೇರಿಸಿದ್ದಳು.

ಭಾನುವಾರ ಬೆಳಿಗ್ಗೆ ಅಂಡರ್‌ಪಾಸಿನ ಬಾಯಲ್ಲಿ, ಕಂಬದಿಂದ ಈಚೆಗೆ, ನೆಲದ ಮೇಲೆ ಅದೇ ಗೆರೆ ಎಳೆದು, ಕಂಬಿಯ ಬದಲಿಗೆ ಶಾಲೆಯ ಬೆಂಚುಗಳನ್ನು ಅಡ್ಡ ಇಟ್ಟರು. ಬೆಂಚು ಕೊಟ್ಟವರು ಅದೇ ಕೋಟಿನ ಮೇಷ್ಟ್ರು. 'ಬೈಕಿರೋರು ಬನ್ನಿ, ದಾಟಿ ತೋರಿಸಿ' ಎಂದು ಹುಡುಗಿಯ ತಾಯಿಯೇ ಗ್ರೂಪಿನಲ್ಲಿ ಸವಾಲು ಹಾಕಿದ್ದಳು. ಬಂದರು ನೋಡಿ, ಹದಿನೇಳು ಬೈಕು! ಡೆಲಿವರಿಯವರು, ಮೀಸೆ ತಿರುವುವವರು, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡೇ ಬಂದವನು ಒಬ್ಬ. ಒಬ್ಬೊಬ್ಬನೂ ಬೆಂಚಿಗೆ ಗುದ್ದಿ, ಹಿಂದೆ ತಗೊಂಡು, ಮುಂದೆ ತಗೊಂಡು, ಬೆವರು ಒರೆಸಿಕೊಂಡು ಕೈಚೆಲ್ಲಿದ. ಜನ ಹೋ ಎಂದು ಕೂಗುತ್ತಿದ್ದರು. ಆಮೇಲೆ ದೊಡ್ಡಕ್ಕ ಬಂದರು, ಸರ್ರ್ ಎಡಕ್ಕೆ, ಸರ್ರ್ ಬಲಕ್ಕೆ, ಆಚೆ! ನಾನು ಶಿಳ್ಳೆ ಹೊಡೆದೆ. ಐವತ್ತೆಂಟು ವರ್ಷದವನು, ಎರಡು ಬೆರಳು ಬಾಯಿಗಿಟ್ಟು! ನಿಂತು ನೋಡಿದವರು ಇನ್ನೂರು ಜನ, ಫೋನಿನಲ್ಲಿ ನೋಡಿದವರು ಹನ್ನೊಂದು ಸಾವಿರ.

ಎಂಜಿನಿಯರ್ ಯಾರೂ ಕರೆಯದೆ ಬಂದಿದ್ದ. ಮೂಲೆಯಲ್ಲಿ ಬಗ್ಗಿ ಸೀಮೆಸುಣ್ಣದ ಗೆರೆಗಳನ್ನು ಅಳೆದು ಅಳೆದು ಪುಸ್ತಕಕ್ಕೆ ಬರೆದುಕೊಳ್ಳುತ್ತಿದ್ದ. ನನ್ನ ಕಣ್ಣಿಗೆ ಬಿದ್ದಾಗ, "ಚೆನ್ನಾಗಿದೆ ಸಾರ್. ನನಗೇ ಹೊಳೀಲಿಲ್ಲ" ಅಂದ. ಅವತ್ತಿನಿಂದ ಅವನ ಮೇಲಿನ ನನ್ನ ಸಿಟ್ಟು ಇಳಿಯಿತು.

ಇಪ್ಪತ್ತಾರನೇ ತಾರೀಖು ನಗರಸಭೆಯ ಸಭೆ. ಅಲ್ಲಿ ಸಾರ್ವಜನಿಕರಿಗೆಂದು ಹನ್ನೆರಡು ಕುರ್ಚಿ ಇವೆ, ಅವುಗಳ ಮೇಲಿನ ದೂಳು ಒರೆಸಿದ್ದೇ ಅವತ್ತು. ಸಭೆಯನ್ನು ಎಷ್ಟೋ ಕಾಲದಿಂದ ಲೈವ್ ತೋರಿಸುತ್ತಿದ್ದರಂತೆ, ನೋಡುವವರು ಏಳು ಜನ, ಅದರಲ್ಲಿ ನಾಲ್ವರು ಅವರದೇ ಗುಮಾಸ್ತರು. ಅವತ್ತು ಒಂಬತ್ತು ಸಾವಿರ! ಅಧ್ಯಕ್ಷರು ಪದೇ ಪದೇ ಕ್ರಾಪು ಸರಿಮಾಡಿಕೊಳ್ಳುತ್ತಿದ್ದರು. ಒಬ್ಬ ಸದಸ್ಯರು ಎದ್ದು, "ಫೋನಲ್ಲಿ ಗಲಾಟೆ ಮಾಡಿದೋರಿಗೆಲ್ಲ ಹೆದರಿ ನಿರ್ಧಾರ ತಗೊಳ್ಳೋದಾದ್ರೆ ನಾವು ಯಾಕಿರೋದು?" ಎಂದು ಕೇಳಿದರು. ಕೇಳಬೇಕಾದ ಮಾತೇ ಅದು, ನಾನೂ ಒಂದು ಕ್ಷಣ ತಲೆ ಕೆರೆದುಕೊಂಡೆ. ನಿನ್ನೆ ಹೊಗಳಿ ಇವತ್ತು ಉಗಿದ ಅದೇ ಜನವನ್ನು ನಾನೂ ನೋಡಿದ್ದೆನಲ್ಲ.

ಟೈಲರಮ್ಮ ಎದ್ದು ನಿಂತಳು. ಟೇಪು ಕೊರಳಲ್ಲೇ ಇತ್ತು. "ಹೆದರಬೇಡಿ ಸ್ವಾಮಿ. ಬಂದು ಅಳೀರಿ. ನಾನು ತಪ್ಪಿದಾಗ ನೀವು ಅಳೆದು ತೋರಿಸಿದ್ರಿ, ನಾನು ಒಪ್ಪಿಕೊಂಡೆ. ಈಗ ನಿಮ್ಮ ಸರದಿ" ಅಂದಳು. ಆ ಧ್ವನಿ ಎಲ್ಲಿತ್ತೋ ಅವಳಲ್ಲಿ! ಹುಡುಗಿಯ ತಾಯಿ ಅವಳ ಪಕ್ಕದಲ್ಲೇ ಎದ್ದು ನಿಂತು, "ಕಂಬ ಕೇಳಿದೋಳು ನಾನು. ಈಗ ಕಂಬಿ ಕೇಳ್ತಿರೋಳೂ ನಾನೇ" ಅಂದಳು. ಆಮೇಲೆ ಯಾರು ಏನು ಹೇಳುವುದು? ನಮ್ಮ ಮೆಂಬರ್ರು ಎಲ್ಲರಿಗಿಂತ ಮೊದಲು ಕೈ ಎತ್ತಿದರು. ಮೂಗು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಹೇಳಿದ್ದೆನಲ್ಲ.

ಮೂವತ್ತಕ್ಕೆ ಎರಡೂ ಕಡೆ ಕಂಬ ಹೋಗಿ ಕಂಬಿ ಬಂತು. ಒಂದನೇ ತಾರೀಖು ಬೆಳಿಗ್ಗೆ ಏಳೂವರೆಗೆ ಉದ್ಘಾಟನೆ ಎಂದು ಮೆಂಬರ್ರು ತಮ್ಮ ಪೇಜಿನಲ್ಲಿ ಹಾಕಿದರು. ದೊಡ್ಡಕ್ಕ ದಾಟುವುದನ್ನು ನೇರ ಪ್ರಸಾರದಲ್ಲಿ ನೋಡಿ, ಎಂದು.

ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಏಳಕ್ಕೇ ಹೋದೆ. ಜನವೋ ಜನ! ಮೈಕು, ರಿಬ್ಬನ್ನು, ತಟ್ಟೆಯಲ್ಲಿ ಕತ್ತರಿ. ಎಲ್ಲರೂ ಫೋನು ಎತ್ತಿ ಹಿಡಿದಿದ್ದರು. ಟೈಲರಮ್ಮ ಮುಂದಿನ ಸಾಲಿನಲ್ಲಿ ನಿಂತು ದಾರಿ ನೋಡುತ್ತಿದ್ದಳು. ಆರಕ್ಕೇ ಅಂಗಡಿ ತೆರೆಯಲು ಹೋಗುವಾಗ ಅಕ್ಕನನ್ನು ಮನೆಯಲ್ಲೇ ಬಿಟ್ಟಿದ್ದಳಂತೆ, "ನೀನು ಮುಂದೆ ಹೋಗಿರು ಪುಟ್ಟಿ, ಬರ್ತೀನಿ" ಅಂದಿದ್ದರಂತೆ. ಏಳೂವರೆ ಆಯಿತು. ಏಳು ಮುಕ್ಕಾಲಾಯಿತು. ಮೆಂಬರ್ರು ಗಡಿಯಾರ ನೋಡಿದರು. ಟೈಲರಮ್ಮನ ಮುಖ ಸಣ್ಣದಾಯಿತು. "ಅಣ್ಣ, ಬಿದ್ದುಗಿದ್ದು ಬಿಟ್ಲಾ? ಹೋಗಿ ನೋಡ್ತೀರಾ?" ಎಂದು ನನ್ನ ತೋಳು ಹಿಡಿದಳು. ನಾನು ಓಡಲು ತಿರುಗಿದೆ.

ಆಗ ಇನ್ನೂರು ಫೋನೂ ಒಟ್ಟಿಗೆ ಟಿಣ್ ಎಂದವು.

ಗ್ರೂಪಿನಲ್ಲಿ ದೊಡ್ಡಕ್ಕನ ಎರಡು ಸಾಲು: 'ಎಲ್ಲರಿಗೂ ನಮಸ್ಕಾರ. ನಾನು ಆರೂವರೆಗೇ, ಜನ ಸೇರೋ ಮೊದಲೇ ದಾಟಿದೆ, ಕೌಂಟರಲ್ಲಿ ಕೂತಿದೀನಿ. ಯಾರಿಗಾದ್ರೂ ಬಸ್ಸಿನ ಟೈಮು ಬೇಕಾದ್ರೆ ಕೇಳಿ.'

ಜನ ಬಿದ್ದು ಬಿದ್ದು ನಕ್ಕರು. ಮೆಂಬರ್ರ ಕೈಯಲ್ಲಿ ಕತ್ತರಿ ಹಾಗೇ ಉಳಿಯಿತು. ಟೈಲರಮ್ಮ ಮಾತ್ರ ಆ ಎರಡು ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದಳು. ಹತ್ತೊಂಬತ್ತು ವರ್ಷ ಅಕ್ಕನನ್ನು ಪ್ರತಿ ದಿನ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಜತೆಯಲ್ಲೇ ಕರೆದುಕೊಂಡು ಹೋದವಳು.

"ನೋಡಿದ್ರಾ ಅಣ್ಣ" ಅಂದಳು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. "ನನಗೂ ಹೇಳದೆ ಹೋಗಿದಾಳೆ!"